ಜೋಳದ ಹೊಲದ ಕಸಕ್ಕೆ ಸರಿಯಾದ ಹೆಸರು ಕೊಟ್ಟ ಧರ್ಮಗುರು: ವಂ. ಸಿಸಿಲ್ ಸಲ್ಡಾನ್ಹಾ

ಸಲ್ಡಾನ್ಹಾ ಎಂಬ ಮನೆತನದ ಹೆಸರು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಯಾವ ಚರ್ಚಿನ ವಾಳೆಗೆ ಹೋದರೂ ಒಂದೆರಡು ಸಲ್ಡಾನ್ಹಾ ಮನೆಗಳು ಸಿಗುತ್ತವೆ. ಆದರೆ ಇದೇ ಹೆಸರು ಒಂದು ಕಸದ ಗಿಡದ ಲ್ಯಾಟಿನ್ ಹೆಸರಿನ ಕೊನೆಯಲ್ಲಿ ಅಂಟಿಕೊಂಡಿದೆ, ಜಗತ್ತಿನ ಯಾವ ದೇಶದ ಸಸ್ಯಶಾಸ್ತ್ರ ಗ್ರಂಥದಲ್ಲಿ ಆ ಗಿಡದ ಪೂರ್ಣ ಹೆಸರು ಅಚ್ಚಾದರೂ ಅದರೊಂದಿಗೆ ಸಲ್ಡಾನ್ಹಾ ಎಂದು ಬರುತ್ತದೆ ಎಂಬ ಸಂಗತಿ ಹೆಚ್ಚಿನವರಿಗೆ ತಿಳಿದಿರಲಾರದು.

ಆ ಸಲ್ಡಾನ್ಹಾ ಯೇಸುಸಭೆಯ ಧರ್ಮಗುರು ವಂದನೀಯ ಸಿಸಿಲ್ ಜಾನ್ ಸಲ್ಡಾನ್ಹಾ. 1926ರಲ್ಲಿ ಹುಟ್ಟಿ 2002ರಲ್ಲಿ ತೀರಿಕೊಂಡ ಅವರು ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಕರ್ನಾಟಕದ ಸಸ್ಯಗಳ ಬಗ್ಗೆ ಕೆಲಸ ಮಾಡುವ ಯಾರೂ ಅವರ ಹಾಸನ ಜಿಲ್ಲೆಯ ಸಸ್ಯ ಗ್ರಂಥವನ್ನು, ಕರ್ನಾಟಕದ ಸಸ್ಯ ಸಂಪುಟಗಳನ್ನು ಬಿಡಿಸದೆ ಮುಂದೆ ಹೋಗುವುದಿಲ್ಲ. ಆ ದೊಡ್ಡ ಪುಸ್ತಕಗಳಿಂದಾಗಿ ಅವರ ಹೆಸರು ಉಳಿದಿದೆ, ನಿಜ. ಆದರೆ ಅವುಗಳಿಗೂ ಮೊದಲು ಅವರು ಮಾಡಿದ ಒಂದು ಸಣ್ಣ ಕೆಲಸವಿದೆ. ಪುಟಗಳ ಲೆಕ್ಕದಲ್ಲಿ ನಾಲ್ಕೇ ಪುಟ. ಅದರ ವಿಷಯ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಜೋಳದ ರೈತನ ಹೊಟ್ಟೆಗೆ ನೇರವಾಗಿ ಸಂಬಂಧಿಸಿದ್ದು. ಹಾಗಾಗಿ ಈ ಲೇಖನದಲ್ಲಿ ಆ ನಾಲ್ಕು ಪುಟಗಳಿಗೇ ಹೆಚ್ಚು ಜಾಗ.

ಮೊದಲು ಗಿಡಗಳ ಕುಟುಂಬದ ವಿಷಯ ಹೇಳಬೇಕು. ಸ್ಕ್ರೊಫುಲೇರಿಯೇಸಿ ಎಂಬುದು ಆ ಕುಟುಂಬದ ಹೆಸರು. ಕುತ್ತಿಗೆಯಲ್ಲಿ ಗಂಟುಗಳೇಳುವ ಗಂಡಮಾಲೆ ರೋಗಕ್ಕೆ ಲ್ಯಾಟಿನಿನಲ್ಲಿ ಸ್ಕ್ರೊಫುಲಾ ಎನ್ನುತ್ತಾರೆ. ಯುರೋಪಿನಲ್ಲಿ ಆ ರೋಗಕ್ಕೆ ಮದ್ದೆಂದು ಬಳಸುತ್ತಿದ್ದ ಗಿಡದಿಂದ ಇಡೀ ಕುಟುಂಬಕ್ಕೆ ಹೆಸರು ಬಂತು. ನಮ್ಮ ನಾಡಿನಲ್ಲಿ ಈ ಕುಟುಂಬಕ್ಕೆ ಸೇರಿಸಲಾಗಿದ್ದ ಗಿಡಗಳಲ್ಲಿ ಹೆಚ್ಚಿನವು ಮರವೂ ಅಲ್ಲ, ಪೊದೆಯೂ ಅಲ್ಲ. ಗದ್ದೆಯ ಬದುವಿನಲ್ಲಿ, ಕೆರೆಯ ಅಂಚಿನಲ್ಲಿ, ಹುಲ್ಲುಗಾವಲಿನಲ್ಲಿ ಮಳೆಗಾಲದಲ್ಲಿ ಎದ್ದು ಎರಡು ತಿಂಗಳಲ್ಲಿ ಮುಗಿದುಹೋಗುವ ಗೇಣುದ್ದದ ಸಸ್ಯಗಳು. ಬೆರಳ ಉಗುರಿಗಿಂತ ಸಣ್ಣ ಹೂವು. ಕಿತ್ತು ಕಾಗದದ ನಡುವೆ ಒತ್ತಿ ಒಣಗಿಸಿದರೆ ಬಣ್ಣ ಹೋಗುತ್ತದೆ, ದಳ ಮುದುಡುತ್ತದೆ, ಎಷ್ಟೋ ಸಲ ಉದುರಿಯೇ ಹೋಗುತ್ತದೆ. ಒಣಗಿದ ಮಾದರಿಗಳನ್ನು ಮಾತ್ರ ನೋಡಿ ಲಂಡನ್ನಿನಲ್ಲಿ ಕೂತು ಪುಸ್ತಕ ಬರೆದವರಿಗೆ ಒಂದರಂತೆ ಇನ್ನೊಂದು ಕಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಭಾರತದ ಈ ಕುಟುಂಬದ ಗಿಡಗಳ ಬಗ್ಗೆ ಜಾರ್ಜ್ ಬೆಂಥಮ್ 1835ರಲ್ಲಿಯೇ ಪ್ರತ್ಯೇಕ ಪುಸ್ತಕ ಬರೆದಿದ್ದರು. ಆದರೂ ಗೊಂದಲ ಮುಂದಿನ ನೂರು ವರ್ಷ ಮುಗಿಯಲಿಲ್ಲ.

ಈ ಕುಟುಂಬದ ಸ್ಟ್ರೈಗಾ ಎಂಬ ಕುಲಕ್ಕೆ ಹೆಸರಿಟ್ಟವರೂ ಒಬ್ಬ ಯೇಸುಸಭೆಯ ಗುರುವೇ. ಪೋರ್ಚುಗಲ್‌ನ ಜುವಾವ್ ಡಿ ಲೋರೇರೋ ಗೋವಾದಲ್ಲಿ ಕೆಲವು ವರ್ಷ ಇದ್ದು, 1742ರಲ್ಲಿ ಇಂದಿನ ವಿಯೆಟ್ನಾಂಗೆ ಹೋಗಿ ಮೂರು ದಶಕಗಳಿಗೂ ಹೆಚ್ಚು ಕಾಲ ಅಲ್ಲಿದ್ದರು. ಯುರೋಪಿನ ಔಷಧ ಸಿಗದ ಕಡೆ ಸ್ಥಳೀಯ ಗಿಡಮೂಲಿಕೆ ಕಲಿಯದೆ ದಾರಿಯಿರಲಿಲ್ಲ. ಹಾಗೆ ಕಲಿತದ್ದು 1790ರಲ್ಲಿ ಗ್ರಂಥವಾಗಿ ಹೊರಬಂತು. ಅದರಲ್ಲಿ ಸ್ಟ್ರೈಗಾ ಎಂಬ ಹೊಸ ಕುಲವಿತ್ತು. ಆ ಪದಕ್ಕೆ ಲ್ಯಾಟಿನಿನಲ್ಲಿ ಮಾಟಗಾತಿ ಎಂಬ ಅರ್ಥವೂ ಇದೆ. ಇಂಗ್ಲಿಷಿನವರು ಈ ಗಿಡವನ್ನು ವಿಚ್‌ವೀಡ್ ಎಂದೇ ಕರೆಯುತ್ತಾರೆ.

ಅದರ ಕೆಲಸವೂ ಮಾಟದಂತೆಯೇ. ಮರದ ಕೊಂಬೆಯ ಮೇಲೆ ಬಂದಳಿಕೆ ಬೆಳೆಯುವುದನ್ನು ನಾವೆಲ್ಲ ನೋಡಿದ್ದೇವೆ. ಸ್ಟ್ರೈಗಾ ಅದೇ ಬಗೆಯ ಪರಾವಲಂಬಿ, ಆದರೆ ಅದರ ವ್ಯವಹಾರ ನೆಲದೊಳಗೆ. ಬೀಜ ಕಣ್ಣಿಗೆ ಬೀಳದಷ್ಟು ಸಣ್ಣದು, ಒಂದು ಮಿಲಿಮೀಟರಿನ ಮೂರನೇ ಒಂದು ಭಾಗವೂ ಇಲ್ಲ. ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಆ ಬೀಜ ಮಣ್ಣಿನಲ್ಲಿ ಹತ್ತು ವರ್ಷವಾದರೂ ಸಾಯದೆ ಕಾಯಬಲ್ಲದು. ಜೋಳದ ಬೇರು ಹತ್ತಿರ ಬಂದಾಗ ಮಾತ್ರ ಅದು ಮೊಳೆಯುತ್ತದೆ. ಬೇರು ಹೊರಬಿಡುವ ಒಂದು ರಾಸಾಯನಿಕದ ಸುಳಿವು ಸಿಕ್ಕರೆ ಸಾಕು. ಆ ರಾಸಾಯನಿಕವನ್ನು ವಿಜ್ಞಾನಿಗಳು 1966ರಲ್ಲಿ ಗುರುತಿಸಿ ಸ್ಟ್ರೈಗಾಲ್ ಎಂದು ಕರೆದರು. ಅದನ್ನು ಗಿಡಗಳು ಹೊರಬಿಡುವುದು ಬೇರಿಗೆ ಗೊಬ್ಬರದ ಅಂಶ ಒದಗಿಸುವ ಶಿಲೀಂಧ್ರಗಳನ್ನು ಕರೆಯುವುದಕ್ಕೆ ಎಂದು 2005ರಲ್ಲಿ ಗೊತ್ತಾಯಿತು. ನೆಂಟನಿಗೆ ಕೊಟ್ಟ ಕರೆ ಕಳ್ಳನ ಕಿವಿಗೂ ಬೀಳುತ್ತದೆ.

ಮೊಳೆತ ಸ್ಟ್ರೈಗಾ ಜೋಳದ ಬೇರಿಗೆ ಅಂಟಿಕೊಂಡು ನೀರು, ಆಹಾರ ಎರಡನ್ನೂ ಹೀರುತ್ತದೆ. ವಾರಗಟ್ಟಲೆ ನೆಲದೊಳಗೇ ಇರುತ್ತದೆ. ಮಣ್ಣಿನಲ್ಲಿ ತೇವವಿದ್ದರೂ ಜೋಳ ಬಾಡಿ ಸೊರಗುತ್ತದೆ. ಆಮೇಲೆ ಒಂದು ದಿನ ಸಾಲಿನ ನಡುವೆ ಬಿಳಿ ಹೂವಿನ ಗೇಣುದ್ದದ ಗಿಡಗಳು ಏಳುತ್ತವೆ. ಅಷ್ಟರಲ್ಲಿ ಹಾನಿಯಲ್ಲಿ ಹೆಚ್ಚಿನದು ಆಗಿಹೋಗಿರುತ್ತದೆ. ಎಡೆ ಹೊಡೆದು ಕಸ ತೆಗೆದರೆ ಮುಂದಿನ ವರ್ಷದ ಬೀಜ ತಪ್ಪೀತು, ಈ ವರ್ಷದ ತೆನೆ ಮರಳಿ ಬಾರದು.

ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಆಗ ರಾಯಚೂರಿನಿಂದ ಬೇರೆಯಾದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳಿದ್ದವು. ಕನಕಗಿರಿ, ಕಾರಟಗಿ, ಕುಕನೂರುಗಳು ಮುಂದೆ ಬಂದವು. ಗಂಗಾವತಿಯ ಕಾಲುವೆ ಭಾಗ ಬಿಟ್ಟರೆ ಹೆಚ್ಚಿನದೆಲ್ಲ ಮಳೆ ನಂಬಿದ ಭೂಮಿ. ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ, ಮಸಾರಿಯಲ್ಲಿ ಸಜ್ಜೆ, ಶೇಂಗಾ. ಇಲ್ಲಿ ಜೋಳವೆಂದರೆ ದಿನವೂ ಎರಡು ಹೊತ್ತಿನ ರೊಟ್ಟಿ, ಅದರ ಕಣಿಕೆಯೆಂದರೆ ಎತ್ತಿನ ಮೇವು. ನಮ್ಮ ಕರಾವಳಿಯಲ್ಲಿ ಕುಚ್ಚಲಕ್ಕಿಗೆ ಏನು ಸ್ಥಾನವೋ ಅಲ್ಲಿ ಜೋಳಕ್ಕೆ ಅದೇ ಸ್ಥಾನ. ಅಂಥ ಬೆಳೆಯ ಬೇರಿಗೆ ಕೂರುವ ಗಿಡ ಯಾವುದು, ಅದು ಒಂದೇ ಬಗೆಯದೋ ಹಲವೋ ಎಂಬ ಪ್ರಶ್ನೆ ಪಂಡಿತರ ಕಾಲಕ್ಷೇಪದ್ದಲ್ಲ.

ಆದರೆ ಅದಕ್ಕೆ ಉತ್ತರ ಹುಡುಕಲು ಒಳ್ಳೆಯ ಪುಸ್ತಕವೇ ಇರಲಿಲ್ಲ. ಬ್ರಿಟಿಷರ ಕಾಲದಲ್ಲಿ ಥಿಯೋಡೋರ್ ಕುಕ್ ಮುಂಬಯಿ ಪ್ರಾಂತ್ಯದ ಸಸ್ಯಗಳ ಬಗ್ಗೆ, ಗ್ಯಾಂಬಲ್ ಮದ್ರಾಸ್ ಪ್ರಾಂತ್ಯದ ಸಸ್ಯಗಳ ಬಗ್ಗೆ ಬರೆದರು. ನಮ್ಮ ದಕ್ಷಿಣ ಕನ್ನಡ ಮದ್ರಾಸಿನಲ್ಲಿತ್ತು, ಉತ್ತರ ಕನ್ನಡ ಮುಂಬಯಿಯಲ್ಲಿತ್ತು, ಎರಡಕ್ಕೂ ಪುಸ್ತಕ ಸಿಕ್ಕಿತು. ಕೊಪ್ಪಳದ ಸೀಮೆ ನಿಜಾಮರ ರಾಜ್ಯದಲ್ಲಿತ್ತು. ಎರಡು ಪ್ರಾಂತ್ಯಗಳ ನಡುವೆ ಸಿಕ್ಕಿಕೊಂಡು ಎರಡರ ಪುಸ್ತಕಕ್ಕೂ ಸೇರದೆ ಉಳಿಯಿತು. ಗಿಡಗಳಿಗೆ ಗಡಿ ಗೊತ್ತಿಲ್ಲ, ಪುಸ್ತಕ ಬರೆಯುವವರಿಗೆ ಗೊತ್ತು.

ಸಿಸಿಲ್ ಸಲ್ಡಾನ್ಹಾ ಈ ವಿದ್ಯೆ ಕಲಿತದ್ದು ಮುಂಬಯಿಯ ಸೇಂಟ್ ಕ್ಸೇವಿಯರ್ ಕಾಲೇಜಿನ ವಂ. ಹರ್ಮೆನೆಗಿಲ್ಡ್ ಸಂತಾಪಾವ್ ಅವರ ಶಿಷ್ಯರಾಗಿ. ಸಂತಾಪಾವ್ ಸ್ಪೇನ್ ದೇಶದವರು, 1903ರಲ್ಲಿ ಹುಟ್ಟಿದವರು, ಯೇಸುಸಭೆಯ ಗುರು. ಖಂಡಾಲದ ಸಸ್ಯಗಳ ಬಗ್ಗೆ ಅವರು ಬರೆದ ಪುಸ್ತಕ ಪ್ರಸಿದ್ಧ. ಭಾರತೀಯ ಸಸ್ಯಶಾಸ್ತ್ರ ಸಮೀಕ್ಷೆಯ ನಿರ್ದೇಶಕರಾದರು, 1967ರಲ್ಲಿ ಪದ್ಮಶ್ರೀ ಪಡೆದರು, 1970ರಲ್ಲಿ ತೀರಿಕೊಂಡರು. ಪುಸ್ತಕದಲ್ಲಿ ಬರೆದದ್ದನ್ನು ಕಾಡಿನಲ್ಲಿ ಜೀವಂತ ಗಿಡದ ಮುಂದೆ ನಿಂತು ಪರೀಕ್ಷಿಸುವುದು ಅವರ ಪರಂಪರೆ. ಶಿಷ್ಯ ಆರಿಸಿಕೊಂಡದ್ದು ಪಶ್ಚಿಮ ಭಾರತದ ಸ್ಕ್ರೊಫುಲೇರಿಯೇಸಿ ಕುಟುಂಬವನ್ನು. ಅಂದದ ಆರ್ಕಿಡ್‌ಗಳಿದ್ದವು, ದೊಡ್ಡ ಮರಗಳಿದ್ದವು. ಅವನ್ನೆಲ್ಲ ಬಿಟ್ಟು ಕಣ್ಣಿಗೆ ಮಸೂರ ಹಚ್ಚಿ ನೋಡಬೇಕಾದ ಕಸದ ಗಿಡಗಳು.

1963ರಲ್ಲಿ ಸಸ್ಯಶಾಸ್ತ್ರ ಸಮೀಕ್ಷೆಯ ಪತ್ರಿಕೆಯ 5ನೆಯ ಸಂಪುಟದಲ್ಲಿ ಪಶ್ಚಿಮ ಭಾರತದ ಸ್ಟ್ರೈಗಾ ಕುಲದ ಬಗ್ಗೆ ಅವರ ಲೇಖನ ಬಂತು. 67ನೆಯ ಪುಟದಿಂದ 70ನೆಯ ಪುಟದವರೆಗೆ. ನಾನು ಮೊದಲು ಹೇಳಿದ ನಾಲ್ಕು ಪುಟ ಇವೇ.

ಆಗಿನ ಗೊಂದಲ ಎಂಥದ್ದೆಂದು ಸ್ವಲ್ಪ ನೋಡೋಣ. ಜೋಳಕ್ಕೆ ಬೀಳುವ ಮುಖ್ಯ ಗಿಡಕ್ಕೆ ಲಿನೇಯಸ್ 1753ರಲ್ಲಿ ಬುಕ್ನೆರಾ ಏಷಿಯಾಟಿಕಾ ಎಂದು ಹೆಸರಿಟ್ಟಿದ್ದರು. ಲೋರೇರೋ ಅದೇ ಗಿಡವನ್ನು ಸ್ಟ್ರೈಗಾ ಲುಟಿಯಾ ಎಂದರು. ಲುಟಿಯಾ ಎಂದರೆ ಹಳದಿ. ನಮ್ಮ ಹೊಲಗಳಲ್ಲಿ ಅದರ ಹೂ ಸಾಮಾನ್ಯವಾಗಿ ಬಿಳಿ, ಆಫ್ರಿಕದಲ್ಲಿ ಕೆಂಪು. 1891ರಲ್ಲಿ ಜರ್ಮನಿಯ ಕುಂಟ್ಜೆ ಎರಡನ್ನೂ ಜೋಡಿಸಿ ಸ್ಟ್ರೈಗಾ ಏಷಿಯಾಟಿಕಾ ಮಾಡಿದರು. ಆದರೂ ಹಲವು ಪುಸ್ತಕಗಳು ಲುಟಿಯಾ ಎಂಬ ಹೆಸರನ್ನೇ ಹಿಡಿದುಕೊಂಡು ಬಂದವು. ಇದರ ಜೊತೆಗೆ ಅದೇ ಎತ್ತರದ, ಅದೇ ಬಿಳಿ ಹೂವಿನ ಇನ್ನೆರಡು ಗಿಡಗಳಿದ್ದವು. ಒಂದು ಸ್ಟ್ರೈಗಾ ಡೆನ್ಸಿಫ್ಲೋರಾ, ಇದೂ ಜೋಳಕ್ಕೆ ಬೀಳುವಂಥದ್ದು. ಇನ್ನೊಂದು ಹೆಚ್ಚಾಗಿ ಹುಲ್ಲುಗಾವಲಿನಲ್ಲಿ ಕಾಣುವಂಥದ್ದು. ಇದನ್ನು ನಮ್ಮ ಪುಸ್ತಕಗಳು ಯೂಫ್ರೇಸಿಯಾಯ್ಡಿಸ್ ಎಂಬ ಬಾಯಿ ತಿರುಗದ ಹೆಸರಿನಿಂದ ಕರೆಯುತ್ತಿದ್ದವು.

ಇವನ್ನು ಬೇರೆ ಮಾಡುವ ಗುರುತು ಹೂವಿನ ದಳದಲ್ಲಿಲ್ಲ, ಎಲೆಯಲ್ಲಿಯೂ ಇಲ್ಲ. ಅದಿರುವುದು ಹೂವಿನ ಬುಡದ ಹಸಿರು ಬಟ್ಟಲಿನಲ್ಲಿ, ಅಂದರೆ ಪುಷ್ಪಪಾತ್ರೆಯಲ್ಲಿ. ಆ ಬಟ್ಟಲಿನ ಮೈಮೇಲೆ ಉದ್ದುದ್ದ ಏಣುಗಳಿರುತ್ತವೆ, ಹೀರೇಕಾಯಿಯ ಮೇಲಿರುವಂತೆ. ಡೆನ್ಸಿಫ್ಲೋರಾದಲ್ಲಿ 5 ಏಣು. ಬಟ್ಟಲಿನ ಒಂದೊಂದು ಹಲ್ಲಿಗೆ ಒಂದೊಂದು. ಏಷಿಯಾಟಿಕಾದಲ್ಲಿ ಸಾಮಾನ್ಯವಾಗಿ 10, ಹಲ್ಲಿಗೊಂದು ಮತ್ತು ಎರಡು ಹಲ್ಲುಗಳ ಸಂದಿಗೊಂದು. ಮೂರನೆಯದರಲ್ಲಿ 15. ಗಿಡ ಒಣಗಲಿ, ದಳ ಉದುರಲಿ, ಬಣ್ಣ ಹೋಗಲಿ, ಏಣು ಅಳಿಯುವುದಿಲ್ಲ. ಐದು, ಹತ್ತು, ಹದಿನೈದು ಎಂದು ಮಗ್ಗಿ ಬಲ್ಲ ಶಾಲೆಯ ಹುಡುಗನೂ ಒಂದು ಮಸೂರ ಕೊಟ್ಟರೆ ಲೆಕ್ಕ ಹಾಕಿಯಾನು. ಏಣಿನ ಈ ಲೆಕ್ಕ ಸಲ್ಡಾನ್ಹಾ ಒಬ್ಬರ ಶೋಧವೆಂದು ನಾನು ಹೇಳುತ್ತಿಲ್ಲ. ಪಶ್ಚಿಮ ಭಾರತದ ಗಿಡಗಳನ್ನು ಒಟ್ಟಿಗೆ ಇಟ್ಟು ಯಾವುದು ಯಾವುದೆಂದು ಬೇರೆ ಮಾಡಿ, ಯಾವ ಹೆಸರು ಯಾವುದಕ್ಕೆ ಸಲ್ಲಬೇಕೆಂದು ಅವರು ವಿಚಾರಿಸಿದರು. ಹದಿನೈದು ಏಣಿನ ಗಿಡವನ್ನು ಡೇವಿಡ್ ಡಾನ್ ಎಂಬವರು ನೇಪಾಳದ ಮಾದರಿಗಳಿಂದ 1825ರಲ್ಲಿಯೇ ವರ್ಣಿಸಿ ಬುಕ್ನೆರಾ ಅಂಗುಸ್ಟಿಫೋಲಿಯಾ ಎಂದು ಹೆಸರಿಟ್ಟಿದ್ದರು. ಅಂಗುಸ್ಟಿಫೋಲಿಯಾ ಎಂದರೆ ಕಿರಿದಾದ ಎಲೆಯದು. ಆ ಹೆಸರನ್ನು ಸಲ್ಡಾನ್ಹಾ ಮೇಲೆತ್ತಿ ಸ್ಟ್ರೈಗಾ ಕುಲಕ್ಕೆ ತಂದರು. ಅಂದಿನಿಂದ ಅದು ಸ್ಟ್ರೈಗಾ ಅಂಗುಸ್ಟಿಫೋಲಿಯಾ. ಪೂರ್ಣ ಹೆಸರಿನಲ್ಲಿ ಮೊದಲು ಡಾನ್, ಆಮೇಲೆ ಸಲ್ಡಾನ್ಹಾ.

ಹೆಸರು ಬದಲಾದರೆ ರೈತನಿಗೇನು ಎಂದು ಯಾರಾದರೂ ಕೇಳಬಹುದು. 1956ರಲ್ಲಿ ಅಮೆರಿಕದ ಕೆರೊಲೈನಾ ಸೀಮೆಯಲ್ಲಿ ಮೆಕ್ಕೆಜೋಳ ಕಾರಣ ತಿಳಿಯದೆ ಸೊರಗಿತು. ರೋಗವೆಂದು ಹುಡುಕುತ್ತಿದ್ದವರಿಗೆ ಬುಡದಲ್ಲಿದ್ದ ಕೆಂಪು ಹೂವಿನ ಗಿಡದ ಮೇಲೆ ಅನುಮಾನ ಬಂದಿರಲಿಲ್ಲ. ಅಲ್ಲಿ ಓದಲು ಹೋಗಿದ್ದ ಒಬ್ಬ ಭಾರತೀಯ ವಿದ್ಯಾರ್ಥಿ ಅದನ್ನು ಸ್ಟ್ರೈಗಾ ಎಂದು ಗುರುತಿಸಿದ. ಅಲ್ಲಿಂದ ಸರಕಾರ ದಶಕಗಟ್ಟಲೆ ಹಣ ಸುರಿದು ಅದನ್ನು ಕಿತ್ತುಹಾಕಬೇಕಾಯಿತು. ಗಿಡ ಗುರುತಾಗದಿದ್ದರೆ ಮದ್ದೂ ಇಲ್ಲ.

ನಮ್ಮಲ್ಲಿ ವಿಷಯ ಇನ್ನೂ ಸೂಕ್ಷ್ಮ. ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ 1972ರಲ್ಲಿ ಆರಂಭವಾದ ಇಕ್ರಿಸ್ಯಾಟ್ ಸಂಸ್ಥೆ ಸ್ಟ್ರೈಗಾ ತಡೆದುಕೊಳ್ಳುವ ಜೋಳದ ತಳಿಗಳನ್ನು ಹುಡುಕಿತು. ಎನ್-13 ಎಂಬ ತಳಿ ಇದಕ್ಕೆ ಹೆಸರುವಾಸಿ. ಆದರೆ ಒಂದು ಪ್ರಭೇದವನ್ನು ತಡೆದ ತಳಿ ಇನ್ನೊಂದನ್ನೂ ತಡೆದೀತು ಎಂಬ ಖಾತ್ರಿಯಿಲ್ಲ. ಹೊಲದಲ್ಲಿರುವುದು ಐದು ಏಣಿನದೋ ಹತ್ತು ಏಣಿನದೋ ಎಂದು ನೋಡದೆ ಪ್ರಯೋಗ ನಡೆಸಿದರೆ ಫಲಿತಾಂಶವನ್ನು ನಂಬುವ ಹಾಗಿಲ್ಲ. ಇನ್ನೊಂದು ಸ್ಟ್ರೈಗಾ ಇದೆ, ಜೆಸ್ನೆರಿಯಾಯ್ಡಿಸ್. ಎಲೆಗಳು ಬರೀ ಹೊಟ್ಟಿನಂತೆ, ಹೂ ನೇರಳೆ. ಅದು ಜೋಳದ ತಂಟೆಗೇ ಹೋಗುವುದಿಲ್ಲ. ಹೊಲದ ಬದುವಿನಲ್ಲಿ ಅದನ್ನು ಕಂಡು ಬೆಳೆ ಕೆಟ್ಟೀತೆಂದು ಹೆದರಬೇಕಾದ್ದಿಲ್ಲ. ಜೋಳಕ್ಕೆ ಬೀಳುವ ಸ್ಟ್ರೈಗಾಕ್ಕೆ ರೈತ ಮಾಡಬಹುದಾದ ಉಪಾಯವೆಂದರೆ ಹೂ ಬಿಡುವ ಮೊದಲು ಕೀಳುವುದು, ಕೊಟ್ಟಿಗೆ ಗೊಬ್ಬರ ಕಡಿಮೆ ಮಾಡದಿರುವುದು, ಮತ್ತು ಜೋಳದ ಮೇಲೆ ಜೋಳ ಬಿತ್ತದೆ ನಡುವೆ ಹತ್ತಿ, ಶೇಂಗಾ, ಸೂರ್ಯಕಾಂತಿಯಂಥ ಬೆಳೆ ಹಾಕುವುದು. ಇಂಥ ಬೆಳೆಗಳ ಬೇರು ಸ್ಟ್ರೈಗಾದ ಬೀಜವನ್ನು ಮೊಳೆಸಬಲ್ಲದು, ಆದರೆ ಅದಕ್ಕೆ ಊಟ ಹಾಕುವುದಿಲ್ಲ. ಮೊಳೆತದ್ದು ಸಾಯುತ್ತದೆ. ಬೆಳೆ ಬದಲಿಸುವ ಪದ್ಧತಿ ಆ ಸೀಮೆಯ ರೈತರಿಗೆ ಹಿಂದಿನಿಂದಲೂ ಗೊತ್ತಿರುವಂಥದ್ದೇ.

ಗಂಗಾವತಿಯ ಕಥೆ ಬೇರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆದ ಮೇಲೆ ಎಡದಂಡೆ ಕಾಲುವೆಯ ನೀರು ಬಂದು ಅಲ್ಲಿ ಭತ್ತದ ಸೀಮೆಯಾಯಿತು. ಜೋಳದೊಂದಿಗೆ ಜೋಳದ ಕಸವೂ ಹಿಂದೆ ಸರಿಯುವುದು ಸಹಜ. ಗದ್ದೆಗೆ ಅದರದೇ ಕಸವಿದೆ, ಅವುಗಳಲ್ಲಿ ಕೆಲವು ಇದೇ ಹಳೆಯ ಕುಟುಂಬದವು. ಲಿಂಡರ್ನಿಯಾ ಎಂಬ ಕುಲದಲ್ಲಿ ಒಂದಕ್ಕೊಂದು ಹೋಲುವ ಪ್ರಭೇದಗಳು ಹಲವಾರು. ಎಲೆಯ ಅಂಚಿನಲ್ಲಿ ಗರಗಸದಂತೆ ಮೊನಚು ಹಲ್ಲಿದ್ದು ಕಾಯಿ ಸೂಜಿಯಂತೆ ಉದ್ದವಾದರೆ ಸಿಲಿಯೇಟಾ. ಪುಷ್ಪಪಾತ್ರೆ ಅರ್ಧದವರೆಗೆ ಕೂಡಿಕೊಂಡು ಕಾಯಿ ಅದರಷ್ಟೇ ಗಿಡ್ಡವಾಗಿದ್ದರೆ ಕ್ರಸ್ಟೇಸಿಯಾ. ನಾಲ್ಕು ಕೇಸರಗಳಲ್ಲಿ ಎರಡು ಮಾತ್ರ ಪರಾಗ ಕೊಡುವವೋ ನಾಲ್ಕೂ ಕೊಡುವವೋ ಎಂಬುದನ್ನೂ ನೋಡಬೇಕು. ಇಂಥ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕೆಂದು ಮಾಡಿದವರಿಗೇ ಗೊತ್ತು.

ನಮ್ಮ ಮನೆಯಂಗಳದಲ್ಲಿಯೂ ಇಂಥ ಒಂದು ಗೊಂದಲವಿದೆ. ತುಳುವಿನಲ್ಲಿ ತಿಮರೆ ಎನ್ನುವ ಒಂದೆಲಗವನ್ನು ನಾವು ಚಟ್ನಿ ಮಾಡುತ್ತೇವೆ, ಅದನ್ನು ಬ್ರಾಹ್ಮಿ ಎಂದೂ ಕರೆಯುತ್ತೇವೆ. ಗದ್ದೆಯ ನೀರಿನಲ್ಲಿ ದಪ್ಪ ಪುಟ್ಟ ಎಲೆಗಳು ಜೋಡಿಜೋಡಿಯಾಗಿ ಬರುವ ನೀರುಬ್ರಾಹ್ಮಿಯೂ ಬ್ರಾಹ್ಮಿಯೇ. ಔಷಧದ ಅಂಗಡಿಯಲ್ಲಿ ಎರಡಕ್ಕೂ ಒಂದೇ ಹೆಸರು. ಗಿಡಗಳು ಮಾತ್ರ ನೆಂಟರೇ ಅಲ್ಲ. ತಿಮರೆ ಕೊತ್ತಂಬರಿಯ ಕುಟುಂಬದ್ದು, ನೀರುಬ್ರಾಹ್ಮಿಯನ್ನು ಸಲ್ಡಾನ್ಹಾ ಅವರ ಕಾಲದಲ್ಲಿ ಸ್ಕ್ರೊಫುಲೇರಿಯೇಸಿಗೆ ಸೇರಿಸುತ್ತಿದ್ದರು.

ಮುಂಬಯಿಯ ಅಭ್ಯಾಸ ಮುಗಿದ ಮೇಲೆ ಅವರ ಕಾರ್ಯಕ್ಷೇತ್ರ ಬೆಂಗಳೂರು. 1882ರಲ್ಲಿ ಫ್ರೆಂಚ್ ಮಿಶನರಿಗಳು ಆರಂಭಿಸಿ 1937ರಲ್ಲಿ ಯೇಸುಸಭೆಗೆ ಒಪ್ಪಿಸಿದ್ದ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಒಣಗಿಸಿದ ಗಿಡಗಳ ಸಂಗ್ರಹಾಲಯ ಕಟ್ಟಿದರು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಸಹಕಾರದಿಂದ ಹಾಸನ ಜಿಲ್ಲೆಯ ಸಸ್ಯಗಳ ಸಮೀಕ್ಷೆ ಕೈಗೊಂಡರು. ಹಾಸನವೇ ಯಾಕೆ ಎಂದು ಮಂಗಳೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋದವರಿಗೆ ಹೇಳಬೇಕಾಗಿಲ್ಲ. ಶಿರಾಡಿಯ ದಟ್ಟ ಕಾಡು, ಸಕಲೇಶಪುರದ ಕಾಫಿ ತೋಟ, ಹಾಸನ ದಾಟಿದೊಡನೆ ರಾಗಿ ಹೊಲ, ಅರಸೀಕೆರೆಯ ಕಡೆ ಕುರುಚಲು. ಒಂದೇ ಜಿಲ್ಲೆಯಲ್ಲಿ ಅರ್ಧ ಕರ್ನಾಟಕ. ಸ್ಮಿತ್‌ಸೋನಿಯನ್‌ನ ಡ್ಯಾನ್ ನಿಕೋಲ್ಸನ್ ಜೊತೆ ಸಂಪಾದಿಸಿದ ಆ ಗ್ರಂಥ 1976ರಲ್ಲಿ ಬಂತು. ಟಿ. ಪಿ. ರಾಮಮೂರ್ತಿಯಂಥ ತರುಣರು ಆ ಕೆಲಸದಲ್ಲಿ ಅವರೊಂದಿಗೆ ಕಾಡು ಸುತ್ತಿ ಗಿಡ ಸಂಗ್ರಹಿಸಿದರು. ಅದಕ್ಕೂ ಎರಡು ವರ್ಷ ಮೊದಲು, 1974ರಲ್ಲಿ, ಪಶ್ಚಿಮ ಘಟ್ಟದ ಆರ್ಕಿಡ್‌ಗಳ ಒಂದು ಹೊಸ ಕುಲಕ್ಕೆ ಸಲ್ಡಾನ್ಹಾ ಸ್ಮಿತ್‌ಸೋನಿಯಾ ಎಂದು ಹೆಸರಿಟ್ಟರು. ಸಹಾಯ ಮಾಡಿದ ಸಂಸ್ಥೆಗೆ ಗಿಡದ ಮೂಲಕ ಕೃತಜ್ಞತೆ.

ಎಂಬತ್ತರ ದಶಕದಲ್ಲಿ ಕರ್ನಾಟಕದ ಪರಿಸರ ಸ್ಥಿತಿಯ ವರದಿಗಳನ್ನು ಸಂಪಾದಿಸಿದರು. 1989ರಲ್ಲಿ ಅಂಡಮಾನ್, ನಿಕೋಬಾರ್, ಲಕ್ಷದ್ವೀಪಗಳ ಪರಿಸರದ ಬಗ್ಗೆ ಅವರ ಅಧ್ಯಯನ ಪ್ರಕಟವಾಯಿತು. ಇವುಗಳ ನಡುವೆ ನಡೆಯುತ್ತಿದ್ದುದು ಇಡೀ ರಾಜ್ಯದ ಸಸ್ಯಗಳ ಗ್ರಂಥ. ಮೊದಲ ಸಂಪುಟ 1984ರಲ್ಲಿ ಬಂತು. ಎರಡನೆಯದು ಬರಲು 1996 ಆಯಿತು.

ಇಲ್ಲಿ ಒಂದು ಮಾತು ಹೇಳದಿದ್ದರೆ ಈ ಜೀವನಚರಿತ್ರೆ ಅಪೂರ್ಣ. ಆ ಗ್ರಂಥದಲ್ಲಿ ಕುಟುಂಬಗಳನ್ನು ಅಕಾರಾದಿಯಾಗಿ ಇಟ್ಟಿಲ್ಲ, ಶಾಸ್ತ್ರದ ಕ್ರಮದಲ್ಲಿ ಇಡಲಾಗಿದೆ. ಮೊದಲ ಸಂಪುಟ ಸಂಪಿಗೆಯ ಕುಟುಂಬದಿಂದ ತೊಗರಿ ಅವರೆಗಳ ಕುಟುಂಬದವರೆಗೆ. ಎರಡನೆಯದು ಕೊತ್ತಂಬರಿಯ ಕುಟುಂಬಕ್ಕೆ ನಿಲ್ಲುತ್ತದೆ. ಅಂದರೆ ತಿಮರೆಯ ಕುಟುಂಬದ ಸರದಿ ಬಂತು, ನೀರುಬ್ರಾಹ್ಮಿಯದು ಬರಲಿಲ್ಲ. ಅದು ಬರಬೇಕಾಗಿದ್ದುದು ಮುಂದಿನ ಸಂಪುಟದಲ್ಲಿ, ಆ ಸಂಪುಟ ಅವರ ಜೀವಿತಾವಧಿಯಲ್ಲಿ ಹೊರಬರಲಿಲ್ಲ. ತರುಣನಾಗಿ ಆರಿಸಿಕೊಂಡ ಸ್ಕ್ರೊಫುಲೇರಿಯೇಸಿ ಕುಟುಂಬಕ್ಕೇ ಅವರ ಅತಿ ದೊಡ್ಡ ಗ್ರಂಥದಲ್ಲಿ ಜಾಗ ಸಿಗಲಿಲ್ಲ.

ಕೊಪ್ಪಳದ ಸೀಮೆಗೆ ಕೊನೆಗೂ ಪುಸ್ತಕ ಸಿಕ್ಕಿದ್ದು 1988ರಲ್ಲಿ, ಎನ್. ಪಿ. ಸಿಂಗ್ ಅವರ ಪೂರ್ವ ಕರ್ನಾಟಕದ ಸಸ್ಯ ಗ್ರಂಥದಿಂದ.

2001ರಲ್ಲಿ ಇನ್ನೊಂದು ಬೆಳವಣಿಗೆಯಾಯಿತು. ಗಿಡಗಳ ಡಿಎನ್‌ಎ ಪರೀಕ್ಷಿಸಿದ ವಿಜ್ಞಾನಿಗಳು ಸ್ಕ್ರೊಫುಲೇರಿಯೇಸಿ ಎಂಬುದು ಒಂದೇ ಕುಟುಂಬವಲ್ಲ, ಬೇರೆಬೇರೆ ವಂಶದವರನ್ನು ಒಂದೇ ಮನೆಯಲ್ಲಿ ಕೂರಿಸಲಾಗಿದೆ ಎಂದು ತೋರಿಸಿದರು. ಅಲ್ಲಿಂದ ಮನೆ ಪಾಲಾಯಿತು. ಸ್ಟ್ರೈಗಾ ಪರಾವಲಂಬಿಗಳದೇ ಆದ ಒರೊಬ್ಯಾಂಕೇಸಿ ಕುಟುಂಬಕ್ಕೆ ಹೋಯಿತು, ನೀರುಬ್ರಾಹ್ಮಿ ಪ್ಲಾಂಟಜಿನೇಸಿಗೆ, ಲಿಂಡರ್ನಿಯಾಕ್ಕೆ ಅದರ ಹೆಸರಿನದೇ ಹೊಸ ಕುಟುಂಬವಾಯಿತು. ಮರುವರ್ಷ ವಂ. ಸಲ್ಡಾನ್ಹಾ ತೀರಿಕೊಂಡರು.

ಅವರು ಕಟ್ಟಿದ ಸಂಗ್ರಹಾಲಯ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಸ್ಥಳ ಬದಲಾದರೂ ಅದರ ಅಂತರರಾಷ್ಟ್ರೀಯ ಸಂಕೇತ ಜೆಸಿಬಿ ಎಂದೇ ಉಳಿದಿದೆ. ಆ ಅಕ್ಷರಗಳು ಜೋಸೆಫ್ ಕಾಲೇಜು, ಬೆಂಗಳೂರು ಎಂಬುದರ ಗುರುತು. ಸ್ಟ್ರೈಗಾದ ಕುಟುಂಬ ಬದಲಾಗಿದೆ, ಅಂಗುಸ್ಟಿಫೋಲಿಯಾದ ಪುಷ್ಪಪಾತ್ರೆಯಲ್ಲಿ ಏಣು ಹದಿನೈದೇ ಇವೆ.